ಹತ್ತು ಕೈ ಸೇರಿದರೆ ಕೆಲಸ ಹತ್ತು ಪಟ್ಟು ಬೇಗ ಆಗುತ್ತದೆಯೇ? ಡೈಕ್‌ಸ್ಟ್ರಾ ಕಂಡುಕೊಂಡ ಉತ್ತರ

ಎಂಟು ಕೋರ್ ಇರುವ ಫೋನು ನಾಲ್ಕು ಕೋರ್ ಫೋನಿಗಿಂತ ಎರಡು ಪಟ್ಟು ವೇಗ, ಹತ್ತು ಕೋರ್ ಇದ್ದರಂತೂ ಕೇಳುವುದೇ ಬೇಡ. ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸ್‌ಆಪ್ ಗುಂಪಿಗೂ ಬಂದಿರಬಹುದು. ಲೆಕ್ಕವೇನೋ ಸರಳವಾಗಿದೆ: ಕೈಗಳು ಹೆಚ್ಚಾದಷ್ಟೂ ಕೆಲಸ ಬೇಗ ಮುಗಿಯಬೇಕಲ್ಲವೇ?

ಮದುವೆ ಮನೆಯ ಅಡುಗೆಮನೆ ನೋಡಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ತರಕಾರಿ ಹೆಚ್ಚಲು ಹತ್ತು ಜನ ಬಂದರೆ ಸಂತೋಷವೇ. ಆದರೆ ಇರುವುದು ಎರಡೇ ಈಳಿಗೆಮಣೆಯಾದರೆ ಉಳಿದ ಎಂಟು ಜನ ಕಾಯುತ್ತಾ ಕೂರಬೇಕು. ಉಪ್ಪು ಹಾಕಿದ್ದಾಯಿತೇ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುತ್ತಾ ನಿಂತರೆ ಸಮಯ ಹಾಳು. ಕೇಳದೇ ಇದ್ದರೆ ಸಾರಿಗೆ ಎರಡು ಸಲ ಉಪ್ಪು!

ಕಂಪ್ಯೂಟರಿನ ಒಳಗೂ ಇದೇ ಪಾಡು. ಅಲ್ಲಿ ಒಂದೇ ಸಮಯಕ್ಕೆ ಹಲವು ಕೆಲಸಗಳು ನಡೆಯುವಾಗ ಯಾರು ಮೊದಲು, ಯಾರು ನಂತರ, ಯಾರು ಯಾರಿಗಾಗಿ ಕಾಯಬೇಕು ಎಂಬುದನ್ನು ಗಣಿತದಷ್ಟು ನಿಖರವಾಗಿ ಯೋಚಿಸಿದವರಲ್ಲಿ ಮೊದಲ ಸಾಲಿನ ಹೆಸರು ಎಡ್ಸ್‌ಗರ್ ಡೈಕ್‌ಸ್ಟ್ರಾ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹಲವರು ಈ ಹೆಸರನ್ನು ಡಿಜ್‌ಕ್‌ಸ್ಟ್ರಾ ಎಂದು ಓದಿ ನಾಲಿಗೆ ತಿರುಚಿಕೊಳ್ಳುವುದುಂಟು. ಡಚ್ ಭಾಷೆಯ ಆ ಸ್ಪೆಲ್ಲಿಂಗಿನಲ್ಲಿ ಜೆ ಅಕ್ಷರಕ್ಕೆ ಜಕಾರದ ಉಚ್ಚಾರ ಇಲ್ಲ.

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದಲ್ಲಿ. ತಂದೆ ರಸಾಯನಶಾಸ್ತ್ರದ ಅಧ್ಯಾಪಕರು, ತಾಯಿ ಗಣಿತ ಓದಿದವರು. ಹುಡುಗನಿಗೆ ಮಾತ್ರ ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶವನ್ನು ಪ್ರತಿನಿಧಿಸುವ ಆಸೆಯಿತ್ತು. ಕೊನೆಗೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಲು ಸೇರಿದರು. 1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ನಡೆಸುತ್ತಿದ್ದ ಪ್ರೋಗ್ರಾಮಿಂಗ್ ಶಿಬಿರಕ್ಕೆ ಹೋಗಿಬಂದದ್ದೇ ತಡ, ಅವರ ದಾರಿ ಬದಲಾಯಿತು. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಕೆಲಸಕ್ಕೆ ಸೇರಿಯೂ ಆಯಿತು.

ಆ ದಿನಗಳಲ್ಲಿ ಪ್ರೋಗ್ರಾಮರ್ ಎಂಬ ಉದ್ಯೋಗವೇ ಯಾರಿಗೂ ಗೊತ್ತಿರಲಿಲ್ಲ. 1957ರಲ್ಲಿ ಮದುವೆಯಾದಾಗ ನೋಂದಣಿ ಪತ್ರದಲ್ಲಿ ತಮ್ಮ ವೃತ್ತಿಯನ್ನು ಹಾಗೆಂದು ಬರೆದರೆ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಸೈದ್ಧಾಂತಿಕ ಭೌತವಿಜ್ಞಾನಿ ಎಂದು ಬರೆಯಬೇಕಾಯಿತು.

ಇವತ್ತು ನಾವು ಮೊಬೈಲ್ ಮ್ಯಾಪಿನಲ್ಲಿ ದಾರಿ ಹುಡುಕುವಾಗ ನೆನಪಿಸಿಕೊಳ್ಳಬೇಕಾದ ಹೆಸರೂ ಇವರದೇ. ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಹುಡುಕುವ ಕ್ರಮವನ್ನು ಅವರು 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೆಫೆಯೊಂದರಲ್ಲಿ ಕುಳಿತು, ಕಾಗದ ಪೆನ್ನು ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಯೋಚಿಸಿದ್ದರು. ಈ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇದರ ಮರುವರ್ಷ ಅವರು ಹೆದರಿದ ಕತೆ.

ಗಣಿತ ಕೇಂದ್ರದ ಸಹೋದ್ಯೋಗಿಗಳಾದ ಬ್ರಾಮ್ ಲೂಪ್‌ಸ್ಟ್ರಾ ಮತ್ತು ಕಾರೆಲ್ ಸ್ಕೋಲ್ಟೆನ್ ಆಗ ಎಕ್ಸ್1 ಎಂಬ ಹೊಸ ಕಂಪ್ಯೂಟರ್ ರೂಪಿಸುತ್ತಿದ್ದರು. ಯಂತ್ರಾಂಶ ಅವರದು, ಅದಕ್ಕೆ ಬೇಕಾದ ಮೂಲ ತಂತ್ರಾಂಶ ಡೈಕ್‌ಸ್ಟ್ರಾ ಅವರದು. ಹಿಂದಿನ ಯಂತ್ರಗಳಲ್ಲಿ ಒಂದು ಸಮಸ್ಯೆಯಿತ್ತು. ಕಂಪ್ಯೂಟರಿನ ವೇಗಕ್ಕೆ ಹೋಲಿಸಿದರೆ ಮುದ್ರಣ ಯಂತ್ರ, ಕಾಗದದ ಪಟ್ಟಿಯಲ್ಲಿ ರಂಧ್ರ ಹಾಕುವ ಯಂತ್ರ ಇವೆಲ್ಲ ಬಸವನಹುಳುಗಳು. ಒಂದು ಅಕ್ಷರ ಕಳಿಸಿದ ಮೇಲೆ ಅದು ಮುಗಿಯಿತೇ, ಮುಗಿಯಿತೇ ಎಂದು ಕಂಪ್ಯೂಟರ್ ಕೇಳುತ್ತಲೇ ಇರಬೇಕಿತ್ತು. ಹಾಲು ಉಕ್ಕುವುದನ್ನು ಕಾಯುತ್ತಾ ಒಲೆಯ ಮುಂದೆ ನಿಂತ ಹಾಗೆ, ಬೇರೇನೂ ಮಾಡುವಂತಿಲ್ಲ.

ಸಹೋದ್ಯೋಗಿಗಳು ಸೂಚಿಸಿದ ಪರಿಹಾರ ಕುಕ್ಕರಿನ ಸೀಟಿಯಂಥದ್ದು. ಕಂಪ್ಯೂಟರ್ ತನ್ನ ಪಾಡಿಗೆ ತಾನು ಬೇರೆ ಲೆಕ್ಕ ಮಾಡುತ್ತಿರಲಿ, ಕೆಲಸ ಮುಗಿದಾಗ ಹೊರಗಿನ ಯಂತ್ರವೇ ಸೀಟಿ ಹೊಡೆದು ಕರೆಯಲಿ. ಇದನ್ನು ಇಂಟರಪ್ಟ್ ಎನ್ನುತ್ತಾರೆ, ಅಂದರೆ ಅಡ್ಡಿ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಡೈಕ್‌ಸ್ಟ್ರಾ ಇದನ್ನು ಕೇಳಿ ಬೆಚ್ಚಿದರು. ಒಪ್ಪಿಗೆ ಕೊಡದೆ ತಿಂಗಳುಗಟ್ಟಲೆ ಮುಂದೂಡಿದರು.

ಅವರ ಹೆದರಿಕೆಗೆ ಕಾರಣವಿತ್ತು. ಸೀಟಿ ಯಾವ ಕ್ಷಣದಲ್ಲಿ ಬೇಕಾದರೂ ಕೂಗಬಹುದು. ಕಂಪ್ಯೂಟರ್ ಒಂದು ಸಂಖ್ಯೆಯನ್ನು ಅರ್ಧ ಕೂಡಿಸಿರುವಾಗಲೇ ಕೂಗಬಹುದು. ಅಂಥ ಹೊತ್ತಿನಲ್ಲಿ ಎದ್ದು ಹೋಗಿ ಬಂದ ಮೇಲೆ ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದಲೇ ಮುಂದುವರಿಸಲು ಎಲ್ಲವೂ ಇದ್ದ ಹಾಗೇ ಇರಬೇಕು. ಎಲ್ಲೋ ಒಂದು ಕಡೆ ತಪ್ಪಿದರೆ ಉತ್ತರ ತಪ್ಪಾಗುತ್ತದೆ. ಅದಕ್ಕಿಂತ ಕೆಟ್ಟದ್ದೇನೆಂದರೆ, ಅದೇ ಪ್ರೋಗ್ರಾಮನ್ನು ಮತ್ತೊಮ್ಮೆ ಓಡಿಸಿದರೆ ಉತ್ತರ ಸರಿ ಬರಬಹುದು! ಮತ್ತೆ ಮಾಡಿ ನೋಡಲಾಗದ ತಪ್ಪನ್ನು ಹುಡುಕುವುದು ಹೇಗೆ? ಗ್ಯಾರೇಜಿಗೆ ಒಯ್ದ ತಕ್ಷಣ ಸದ್ದು ನಿಲ್ಲಿಸಿಬಿಡುವ ಸ್ಕೂಟರ್ ಇದ್ದವರಿಗೆ ಈ ಸಂಕಟ ಅರ್ಥವಾದೀತು.

ಕೊನೆಗೆ ಗೆಳೆಯರು ಹೊಗಳಿ ಉಬ್ಬಿಸಿ ಅವರನ್ನು ಒಪ್ಪಿಸಿದರು. ಒಪ್ಪಿದ ಮೇಲೆ ಡೈಕ್‌ಸ್ಟ್ರಾ ಹಿಂದೆ ನೋಡಲಿಲ್ಲ. ಪರೀಕ್ಷೆ ಮಾಡಿ ಇದನ್ನು ಗೆಲ್ಲಲಾಗದು, ಸೀಟಿ ಯಾವ ಕ್ಷಣ ಕೂಗಿದರೂ ಏನೂ ಕೆಡುವುದಿಲ್ಲ ಎಂದು ತರ್ಕದಿಂದಲೇ ತೋರಿಸಬೇಕು ಎಂದು ಹಟ ಹಿಡಿದು ಬರೆದರು. 1959ರಲ್ಲಿ ಅವರಿಗೆ ಡಾಕ್ಟರೇಟ್ ತಂದುಕೊಟ್ಟದ್ದು ಈ ಎಕ್ಸ್1 ತಂತ್ರಾಂಶದ ಕೆಲಸವೇ. ನಿಮ್ಮ ಫೋನಿನ ಪರದೆಯನ್ನು ನೀವು ಪ್ರತಿ ಸಲ ಮುಟ್ಟಿದಾಗಲೂ ಒಳಗೆ ಕೂಗುವುದು ಇಂಥದ್ದೇ ಒಂದು ಸೀಟಿ.

ಮರುವರ್ಷ ಯಾಪ್ ಜೋನೆವೆಲ್ಡ್ ಜೊತೆ ಸೇರಿ ಆಲ್ಗಾಲ್ 60 ಭಾಷೆಗೆ ಕಂಪೈಲರ್ ಬರೆದರು. ಕೆಲಸ ಮುಗಿಯುವವರೆಗೆ ಗಡ್ಡ ಬೋಳಿಸುವುದಿಲ್ಲ ಎಂದು ಇಬ್ಬರೂ ಪಂಥ ಕಟ್ಟಿದ್ದರಂತೆ. ಕೆಲಸ ಮುಗಿಯಿತು, ಜೋನೆವೆಲ್ಡ್ ಗಡ್ಡ ತೆಗೆದರು. ಡೈಕ್‌ಸ್ಟ್ರಾ ಗಡ್ಡ ಕೊನೆಯವರೆಗೂ ಉಳಿಯಿತು.

1962ರಲ್ಲಿ ಅವರು ಐಂಡ್‌ಹೋವೆನ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಗಣಿತದ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಅವರ ತಲೆ ತಿಂದದ್ದು ಉಪ್ಪಿನ ಸಮಸ್ಯೆ. ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಒಂದೇ ವಸ್ತುವಿಗೆ ಇಬ್ಬರು ಒಟ್ಟಿಗೆ ಕೈ ಹಾಕದಂತೆ ತಡೆಯುವುದು ಹೇಗೆ?

ಅವರು ಕಂಡುಕೊಂಡ ಸಾಧನದ ಹೆಸರು ಸೆಮಫೋರ್. ಹೆಸರು ಬಂದದ್ದು ರೈಲ್ವೆಯ ಕೈಕಂಬದಿಂದ. ನಮ್ಮಲ್ಲಿ ಒಂಟಿ ಹಳಿಯ ಮಾರ್ಗಗಳಲ್ಲಿ ಸ್ಟೇಷನ್ ಮಾಸ್ಟರ್ ರೈಲಿನ ಚಾಲಕರಿಗೆ ದೊಡ್ಡ ಬಳೆಯೊಂದಕ್ಕೆ ಕಟ್ಟಿದ ಟೋಕನ್ ಕೊಡುತ್ತಿದ್ದುದನ್ನು ಹಿರಿಯರು ನೋಡಿರುತ್ತಾರೆ. ಟೋಕನ್ ಕೈಯಲ್ಲಿದ್ದ ರೈಲು ಮಾತ್ರ ಆ ಹಳಿಯ ಮೇಲೆ ಹೋಗಬಹುದು, ಆಚೆ ತುದಿಯಲ್ಲಿ ಹಿಂದಿರುಗಿಸಬೇಕು. ಅಲ್ಲಿಯವರೆಗೆ ಇನ್ನೊಂದು ರೈಲು ಕಾಯಬೇಕು. ಸೆಮಫೋರ್ ಮಾಡುವುದೂ ಇದನ್ನೇ: ಒಂದು ಎಣಿಕೆ, ಅದನ್ನು ಇಳಿಸುವ ಒಂದು ಕ್ರಿಯೆ, ಏರಿಸುವ ಇನ್ನೊಂದು ಕ್ರಿಯೆ. ಎಣಿಕೆ ಸೊನ್ನೆಯಾಗಿದ್ದರೆ ಬಂದವರು ನಿದ್ದೆ ಹೋಗಬೇಕು, ಯಾರಾದರೂ ಏರಿಸಿದಾಗ ಏಳಬೇಕು. ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವ ಲಿನಕ್ಸ್ ತಂತ್ರಾಂಶದಲ್ಲಿ ಈ ಎರಡು ಕ್ರಿಯೆಗಳು ಡೌನ್ ಮತ್ತು ಅಪ್ ಎಂಬ ಹೆಸರಿನಲ್ಲಿ ಈಗಲೂ ಇವೆ.

ಟೋಕನ್ ಇದ್ದಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದನ್ನೂ ಅವರೇ ತೋರಿಸಿದರು. 1965ರಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟರು. ಐದು ಕಂಪ್ಯೂಟರುಗಳು, ಐದು ಟೇಪ್ ಡ್ರೈವ್‌ಗಳು. ಪ್ರತಿಯೊಂದಕ್ಕೂ ಕೆಲಸ ಮಾಡಲು ಅಕ್ಕಪಕ್ಕದ ಎರಡು ಡ್ರೈವ್ ಬೇಕು. ಎಲ್ಲರೂ ಒಂದೊಂದು ಹಿಡಿದುಕೊಂಡು ಇನ್ನೊಂದಕ್ಕೆ ಕಾದರೆ ಏನಾಗುತ್ತದೆ? ಯಾರಿಗೂ ಎರಡನೆಯದು ಸಿಗುವುದಿಲ್ಲ, ಯಾರೂ ಮೊದಲನೆಯದನ್ನು ಬಿಡುವುದಿಲ್ಲ, ಎಲ್ಲವೂ ನಿಂತಲ್ಲೇ ನಿಲ್ಲುತ್ತದೆ. ಕಿರಿದಾದ ನಾಲ್ಕುರಸ್ತೆಯಲ್ಲಿ ನಾಲ್ಕೂ ಕಡೆಯಿಂದ ಬಸ್ಸುಗಳು ನುಗ್ಗಿ ಸಿಕ್ಕಿಕೊಂಡ ಹಾಗೆ. ಟೋನಿ ಹೋರ್ ಎಂಬ ವಿಜ್ಞಾನಿ ಇದನ್ನೇ ಊಟದ ಮೇಜಿನ ಸುತ್ತ ಕುಳಿತ ಐದು ತತ್ತ್ವಜ್ಞಾನಿಗಳ ಕತೆಯಾಗಿಸಿದರು. ಪಠ್ಯಪುಸ್ತಕಗಳಲ್ಲಿ ಉಳಿದದ್ದು ತತ್ತ್ವಜ್ಞಾನಿಗಳು. ಮೂಲ ಪ್ರಶ್ನೆ ಇದ್ದದ್ದು ಮಾಹಿತಿ ಶೇಖರಿಸುವ ಸಾಧನದ ಬಗ್ಗೆ ಎಂಬುದು ಹೆಚ್ಚಿನವರಿಗೆ ಮರೆತೇ ಹೋಗಿದೆ.

ಈ ವಿಚಾರಗಳೆಲ್ಲ ಒಂದಾಗಿ ಕೆಲಸಕ್ಕೆ ಬಂದದ್ದು ಐಂಡ್‌ಹೋವೆನ್‌ನ ಎಕ್ಸ್8 ಕಂಪ್ಯೂಟರಿನಲ್ಲಿ. ಅದಕ್ಕಾಗಿ ಡೈಕ್‌ಸ್ಟ್ರಾ ಮತ್ತು ಅವರ ಪುಟ್ಟ ತಂಡ ಟಿಎಚ್‌ಇ ಎಂಬ ಕಾರ್ಯಾಚರಣ ವ್ಯವಸ್ಥೆ ರೂಪಿಸಿತು. ಆ ಯಂತ್ರದ ಮುಖ್ಯ ಮೆಮೊರಿ ಬರೀ 32 ಸಾವಿರ ಪದಗಳಷ್ಟು (ಒಂದು ಪದ ಎಂದರೆ 27 ಬಿಟ್). ಉಳಿದದ್ದನ್ನು ಇಡಲು ತಿರುಗುವ ಡ್ರಮ್ಮು, ಅದರಲ್ಲಿ 512 ಸಾವಿರ ಪದಗಳಿಗೆ ಜಾಗ. ಇವತ್ತಿನ ಫೋನಿನಲ್ಲಿರುವ ಶೇಖರಣೆಯ ಮುತ್ತಜ್ಜ ಎನ್ನಿ.

ಡ್ರಮ್ಮಿನ ಕೆಲಸ ನೋಡಿಕೊಳ್ಳಲು ಅವರು ಒಬ್ಬ ಪ್ರತ್ಯೇಕ ಕೆಲಸಗಾರನನ್ನೇ ಇಟ್ಟರು. ಮನುಷ್ಯನಲ್ಲ, ತಂತ್ರಾಂಶದೊಳಗಿನ ಒಂದು ಸ್ವತಂತ್ರ ಪ್ರಕ್ರಿಯೆ. ಯಾವ ಪ್ರೋಗ್ರಾಮಿಗಾದರೂ ಡ್ರಮ್ಮಿನಲ್ಲಿರುವ ಮಾಹಿತಿ ಬೇಕೆಂದರೆ ಈ ಕೆಲಸಗಾರನಿಗೆ ಹೇಳಿ ನಿದ್ದೆ ಹೋಗುತ್ತದೆ. ಡ್ರಮ್ಮು ಸೀಟಿ ಹೊಡೆದಾಗ ಕೆಲಸಗಾರ ಎಚ್ಚೆತ್ತು, ಮಾಹಿತಿ ಬಂತು ಎಂದು ಕೇಳಿದವರನ್ನು ಎಬ್ಬಿಸುತ್ತಾನೆ. ಇಂಥ ಸ್ವತಂತ್ರ ಕೆಲಸಗಾರರನ್ನು ಇವತ್ತಿನ ತಂತ್ರಜ್ಞರು ಥ್ರೆಡ್ ಎಂದು ಕರೆಯುತ್ತಾರೆ.

ಈ ವ್ಯವಸ್ಥೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಪರೀಕ್ಷೆಯಲ್ಲಿ ಸಿಕ್ಕಿದ್ದು ಸಣ್ಣಪುಟ್ಟ ಬರವಣಿಗೆಯ ತಪ್ಪುಗಳು ಮಾತ್ರ, ಸುಮಾರು 500 ಆದೇಶಗಳಿಗೆ ಒಂದರಂತೆ. ಹತ್ತು ವರ್ಷ ಹಿಂದೆ ಅವರನ್ನು ಹೆದರಿಸಿದ್ದ ಮಾಯಾವಿ ತಪ್ಪುಗಳು ಒಂದೂ ಇರಲಿಲ್ಲ. 1968ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಆದರೆ ಕೆಲಸಗಾರನನ್ನು ಎಬ್ಬಿಸುವುದು ಬಿಟ್ಟಿಯಲ್ಲ. ಈಗ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿ, ಅದರ ಲೆಕ್ಕವನ್ನೆಲ್ಲ ಎತ್ತಿಟ್ಟು, ಹೊಸಬನ ಲೆಕ್ಕವನ್ನು ಹರಡಿಕೊಳ್ಳಬೇಕು. ಅವನ ಸರದಿ ಬರುವವರೆಗೆ ಕಾಯಬೇಕು. ಇದಕ್ಕೆಲ್ಲ ಸಮಯ ಬೇಕು. ಹಾಗಿದ್ದರೂ ಡೈಕ್‌ಸ್ಟ್ರಾ ಅವರಿಗೆ ಇದು ಹೊರೆಯಾಗಲಿಲ್ಲ. ಏಕೆ?

ಉತ್ತರ ಡ್ರಮ್ಮಿನ ವೇಗದಲ್ಲಿದೆ. ಅದು ಒಂದು ಸುತ್ತು ತಿರುಗಲು 40 ಮಿಲಿಸೆಕೆಂಡು ತೆಗೆದುಕೊಳ್ಳುತ್ತಿತ್ತು. ಬೇಕಾದ ಜಾಗ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 20 ಮಿಲಿಸೆಕೆಂಡು. ಮುಖ್ಯ ಮೆಮೊರಿಯನ್ನು ಒಮ್ಮೆ ತಲುಪಲು ಬೇಕಾಗಿದ್ದದ್ದು 2.5 ಮೈಕ್ರೋಸೆಕೆಂಡು. ಭಾಗಿಸಿ ನೋಡಿ: ಡ್ರಮ್ಮಿಗಾಗಿ ಒಂದು ಸಲ ಕಾಯುವಷ್ಟರಲ್ಲಿ ಮೆಮೊರಿಯನ್ನು 8,000 ಸಲ ಮುಟ್ಟಿ ಬರಬಹುದಿತ್ತು. ಅಷ್ಟು ದೊಡ್ಡ ಕಾಯುವಿಕೆಯ ಮುಂದೆ ಕೆಲಸಗಾರನನ್ನು ಎಬ್ಬಿಸುವ ಖರ್ಚು ಲೆಕ್ಕಕ್ಕೇ ಬರುತ್ತಿರಲಿಲ್ಲ. ಮೈಸೂರಿನಿಂದ ಬೀದರ್‌ಗೆ ಹೊರಟವರಿಗೆ ಚಪ್ಪಲಿ ಹಾಕಿಕೊಳ್ಳುವ ಸಮಯ ಲೆಕ್ಕಕ್ಕೆ ಬರುತ್ತದೆಯೇ?

ಇವತ್ತಿನ ಫೋನು, ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಡ್ರಮ್ಮಿಲ್ಲ, ಫ್ಲ್ಯಾಶ್ ಚಿಪ್ ಇದೆ. ಅದರಿಂದ ಒಂದು ಸಣ್ಣ ತುಣುಕು ಓದಲು ಸುಮಾರು 100 ಮೈಕ್ರೋಸೆಕೆಂಡು, ಒಳ್ಳೆಯ ಚಿಪ್ ಆದರೆ ಅದಕ್ಕೂ ಕಡಿಮೆ ಸಾಕು. ಡ್ರಮ್ಮಿಗೆ ಹೋಲಿಸಿದರೆ ಇನ್ನೂರು ಪಟ್ಟು ವೇಗ. ಆದರೆ ಥ್ರೆಡ್ ಒಂದನ್ನು ಎಬ್ಬಿಸಲು ಇವತ್ತಿಗೂ ಕೆಲವು ಮೈಕ್ರೋಸೆಕೆಂಡು ಬೇಕು, ಕೋರ್ ಗಾಢ ನಿದ್ದೆಯಲ್ಲಿದ್ದರೆ ಇನ್ನೂ ಹೆಚ್ಚು. ಬೀದರ್ ಪ್ರಯಾಣ ಹೋಗಿ ಪಕ್ಕದ ಬೀದಿಯ ಅಂಗಡಿಗೆ ಹೋಗಿಬರುವಂತಾಗಿದೆ. ಈಗ ಚಪ್ಪಲಿ ಹಾಕಿಕೊಳ್ಳುವ ಸಮಯವೂ ಲೆಕ್ಕಕ್ಕೆ ಬರುತ್ತದೆ. ಒಂದು ಆಪ್ ತೆರೆಯುವಾಗ ಇಂಥ ಸಾವಿರಾರು ಸಣ್ಣ ಓದುಗಳು ಒಂದರ ಹಿಂದೆ ಒಂದು ಬರುತ್ತವೆ ಎಂಬುದನ್ನೂ ನೆನಪಿಡಿ.

ಹಾಗಾದರೆ ಥ್ರೆಡ್ ಬೇಡವೇ ಬೇಡ, ಸೀಟಿ ಕೂಗಿದ ಕ್ಷಣವೇ ಅಲ್ಲೇ ನಿಂತು ಎಲ್ಲ ಮುಗಿಸಿಬಿಡೋಣ ಎನ್ನಬಹುದು. ಅದಕ್ಕೂ ಒಂದು ಬೆಲೆ ಇದೆ. ಕೊರಿಯರ್ ಹುಡುಗ ಗಂಟೆ ಒತ್ತಿದ ಎಂದುಕೊಳ್ಳಿ. ಬಾಗಿಲಲ್ಲೇ ನಿಂತು ಪೊಟ್ಟಣ ಬಿಚ್ಚಿ, ಒಂದೊಂದೇ ಸಾಮಾನು ಪರೀಕ್ಷಿಸಿ, ಜಾಗದಲ್ಲಿ ಜೋಡಿಸಿ ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಕಂಪ್ಯೂಟರಿನ ಒಂದು ಕೋರ್ ಸೀಟಿಯ ಕೆಲಸದಲ್ಲಿ ಮುಳುಗಿರುವಾಗ ಆ ಕೋರಿನ ಮೇಲೆ ಬೇರೆ ಕೆಲಸ ನಡೆಯುವುದಿಲ್ಲ. ಹಾಡು ತಡವರಿಸಬಹುದು, ಬೆರಳು ಮುಟ್ಟಿದ್ದು ತಡವಾಗಿ ತಿಳಿಯಬಹುದು. ಪೊಟ್ಟಣ ಪಡೆದು ಮೂಲೆಯಲ್ಲಿಟ್ಟು, ಬಿಚ್ಚುವ ಕೆಲಸ ಇನ್ನೊಬ್ಬರಿಗೆ ಹೇಳಿದರೆ ಈ ತೊಂದರೆ ಇಲ್ಲ. ಹೇಳುವುದಕ್ಕೆ ಮತ್ತು ಅವರು ಏಳುವುದಕ್ಕೆ ಮಾತ್ರ ಸಮಯ ಹೋಗುತ್ತದೆ.

ಇದು ಬರೀ ಪುಸ್ತಕದ ಚರ್ಚೆಯಲ್ಲ. ಈಗಿನ ಬಹಳಷ್ಟು ಫೋನುಗಳಲ್ಲಿರುವ ಶೇಖರಣೆಯ ಬಗೆ ಯುಎಫ್‌ಎಸ್. ಇದರ ಹಳೆಯ ಆವೃತ್ತಿಗಳಲ್ಲಿ ಕೋರಿಕೆಗಳಿಗೆ ಇರುವುದು ಒಂದೇ ಸಾಲು, ಒಮ್ಮೆಗೆ 32 ಕೋರಿಕೆಗಳಿಗೆ ಜಾಗ. ಅಷ್ಟೂ ಒಟ್ಟಿಗೆ ಮುಗಿದರೆ ಸೀಟಿ ಕೇಳಿದ ಕೋರ್ ಬಹಳ ಹೊತ್ತು ಸಿಕ್ಕಿಹಾಕಿಕೊಳ್ಳುತ್ತದೆ. 2025ರಲ್ಲಿ ಲಿನಕ್ಸ್‌ನ ಯುಎಫ್‌ಎಸ್ ಡ್ರೈವರ್‌ನಲ್ಲಿ, ಅಂದರೆ ಆ ಚಿಪ್ಪಿನ ಜೊತೆ ಮಾತನಾಡುವ ತಂತ್ರಾಂಶದಲ್ಲಿ, ಈ ಕೆಲಸವನ್ನು ಪ್ರತ್ಯೇಕ ಥ್ರೆಡ್‌ಗೆ ವಹಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಹಳೆಯ ಬಗೆಯ ಯುಎಫ್‌ಎಸ್ ಇರುವ ಫೋನಿನಲ್ಲಿ ಅಳೆದು ನೋಡಿದಾಗ ಶೇಖರಣೆಯ ವೇಗ ಗಮನಾರ್ಹವಾಗಿ ಕುಸಿದಿತ್ತು. ಫೋನು ಅದೇ, ಚಿಪ್ಪು ಅದೇ, ಕೋರ್‌ಗಳೂ ಅಷ್ಟೇ. ಕೆಲಸ ಕೈ ಬದಲಾಯಿಸುವ ಕ್ರಮ ಮಾತ್ರ ಬೇರೆ. ಡೆವಲಪರುಗಳು ಮತ್ತೆ ಕುಳಿತು, ಆ ಕೆಲಸದಲ್ಲಿ ಒಂದಿಷ್ಟನ್ನು ಸೀಟಿಯ ಕ್ಷಣಕ್ಕೇ ಹಿಂದಿರುಗಿಸುವ ದಾರಿ ಹುಡುಕಬೇಕಾಯಿತು.

ಲ್ಯಾಪ್‌ಟಾಪ್‌ಗಳ ಎನ್‌ವಿಎಂಇ ಶೇಖರಣೆಯಲ್ಲಿ ಪರಿಹಾರ ಬೇರೆಯೇ. ಅಲ್ಲಿ ಸಾಲುಗಳನ್ನೇ ಹೆಚ್ಚಿಸಿದ್ದಾರೆ. ಸಾಮಾನ್ಯವಾಗಿ ಪ್ರತಿ ಕೋರ್‌ಗೂ ಅದರದೇ ಸಾಲು, ಅದರದೇ ಸೀಟಿ. ಟೋಕನ್‌ಗಾಗಿ ಒಬ್ಬರಿಗೊಬ್ಬರು ಕಾಯುವ ಪ್ರಮೇಯವೇ ಕಡಿಮೆ. ಯುಎಫ್‌ಎಸ್‌ನ ನಾಲ್ಕನೇ ಆವೃತ್ತಿಯೂ ಹಲವು ಸಾಲುಗಳ ದಾರಿ ಹಿಡಿದಿದೆ. ಹಾಗಾಗಿ ಫೋನ್ ಕೊಳ್ಳುವಾಗ ಕೋರ್ ಎಷ್ಟು ಎಂದು ಕೇಳುವವರು ಶೇಖರಣೆ ಯಾವ ಬಗೆಯದು, ಯಾವ ಆವೃತ್ತಿ ಎಂದೂ ಕೇಳುವುದು ಒಳ್ಳೆಯದು. ಆಪ್ ತೆರೆಯುವಾಗ ಆಗುವ ತಡಕ್ಕೆ ಎಷ್ಟೋ ಸಲ ಕಾರಣ ಅಲ್ಲಿರುತ್ತದೆ.

ಡೈಕ್‌ಸ್ಟ್ರಾ ಅವರಿಗೆ ವೇಗ ಎಂದೂ ಮೊದಲ ಚಿಂತೆಯಾಗಿರಲಿಲ್ಲ. ತಪ್ಪು ಉತ್ತರ ಎಷ್ಟು ಬೇಗ ಬಂದರೇನು ಎಂಬ ಜಾತಿಯವರು ಅವರು. ಈ ನಿಲುವಿನಿಂದ ಅವರಿಗೆ ಗೆಳೆಯರಷ್ಟೇ ವಿರೋಧಿಗಳೂ ಇದ್ದರು. ಒಪ್ಪದ್ದನ್ನು ಮುಲಾಜಿಲ್ಲದೆ, ಕೆಲವೊಮ್ಮೆ ಚುಚ್ಚುವಂತೆಯೇ ಹೇಳುತ್ತಿದ್ದರು. ಗೋಟು ಆದೇಶದ ವಿರುದ್ಧ 1968ರಲ್ಲಿ ಅವರು ಬರೆದ ಪತ್ರ ಎಬ್ಬಿಸಿದ ಗಲಾಟೆ ವರ್ಷಗಟ್ಟಲೆ ನಡೆಯಿತು. ನನಗನಿಸುವಂತೆ ಅವರ ಬೈಗುಳಗಳಿಗಿಂತ ಎಕ್ಸ್1ರ ಮುಂದೆ ಅವರು ಪಟ್ಟ ಹೆದರಿಕೆಯೇ ನಮಗೆ ಹೆಚ್ಚು ಕಲಿಸುತ್ತದೆ.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಮರುವರ್ಷ ಬರೋಸ್ ಕಂಪನಿಯ ಸಂಶೋಧಕರಾದರು, ಆದರೆ ಕಚೇರಿ ಎಂದರೆ ನ್ಯೂನೆನ್ ಎಂಬ ಹಳ್ಳಿಯ ಅವರ ಮನೆಯೇ. (ಚಿತ್ರಕಾರ ವ್ಯಾನ್ ಗೋ ಕೆಲಕಾಲ ಬದುಕಿದ್ದ ಹಳ್ಳಿ ಅದು.) ಅಲ್ಲಿ ಕುಳಿತು ಫೌಂಟನ್ ಪೆನ್ನಿನಲ್ಲಿ ಮುದ್ದಾದ ಅಕ್ಷರಗಳಲ್ಲಿ ಬರೆದು, ಸಂಖ್ಯೆ ಹಾಕಿ, ನಕಲು ಮಾಡಿ ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಪಡೆದವರು ಇನ್ನಷ್ಟು ನಕಲು ಮಾಡಿ ಇನ್ನಷ್ಟು ಜನಕ್ಕೆ ಹಂಚುತ್ತಿದ್ದರು. ಇವತ್ತಿನ ಫಾರ್ವರ್ಡ್‌ಗಳ ಹಾಗೆಯೇ, ಆದರೆ ಪ್ರತಿ ಸಾಲನ್ನೂ ಯೋಚಿಸಿ ಬರೆದದ್ದು! ಇಂಥ 1,300ಕ್ಕೂ ಹೆಚ್ಚು ಬರಹಗಳಿವೆ. ಇಷ್ಟೆಲ್ಲ ಆದರೂ ಅವರು ಬಹುಕಾಲ ಸ್ವಂತಕ್ಕೊಂದು ಕಂಪ್ಯೂಟರ್ ಇಟ್ಟುಕೊಂಡಿರಲಿಲ್ಲ.

1984ರಲ್ಲಿ ಅಮೆರಿಕದ ಆಸ್ಟಿನ್‌ಗೆ, ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ರಜೆಯಲ್ಲಿ ಹೆಂಡತಿಯೊಡನೆ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಸುತ್ತಾಟ. ಆ ವ್ಯಾನಿನ ಹೆಸರು ಟೂರಿಂಗ್ ಮಶೀನ್. 1999ರಲ್ಲಿ ನಿವೃತ್ತರಾದರು. ಆಮೇಲೆ ಕ್ಯಾನ್ಸರ್ ಕಾಡಿತು. ನ್ಯೂನೆನ್‌ಗೆ ಮರಳಿದ ಅವರು 2002ರ ಆಗಸ್ಟ್ 6ರಂದು ಅಲ್ಲೇ ತೀರಿಕೊಂಡರು.

ಅದೇ ವರ್ಷ ಅವರ 1974ರ ಪುಟ್ಟ ಪ್ರಬಂಧವೊಂದಕ್ಕೆ ಪ್ರಶಸ್ತಿ ಸಿಕ್ಕಿತ್ತು. ಹಲವು ಕಂಪ್ಯೂಟರುಗಳು ಸೇರಿ ಕೆಲಸ ಮಾಡುವಾಗ ಎಲ್ಲವೂ ಅಡ್ಡಾದಿಡ್ಡಿಯಾದರೂ, ಯಾರ ಅಪ್ಪಣೆಯೂ ಇಲ್ಲದೆ ತಾವಾಗಿಯೇ ಸರಿದಾರಿಗೆ ಮರಳುವಂತೆ ಮಾಡುವುದು ಹೇಗೆ ಎಂಬ ಪ್ರಬಂಧ ಅದು. ಹತ್ತಿರಹತ್ತಿರ ಹತ್ತು ವರ್ಷ ಅದನ್ನು ಯಾರೂ ಹೆಚ್ಚು ಗಮನಿಸಿರಲಿಲ್ಲ. ಮರುವರ್ಷ ಆ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟರು.